'ಜುಡಿಷಿಯಲ್ ರಿವ್ಯೂ'ಗೆ ಕನ್ನಡದಲ್ಲಿ ಏನನ್ನೋಣ? ಜೊತೆಗೆ 'ಒಕ್ಕೂಟ'ದ ತಕರಾರು

ಎಲ್ಲರಿಗೂ ನಮಸ್ಕಾರ.

ನನ್ನ ತಂಗಿಯ ಮಗಳು ಕನ್ನಡದಲ್ಲೇ ಕಾನೂನು ಪರೀಕ್ಷೆ ಬರೆಯುತ್ತಾಳೆ. ಕಳೆದ ಸಲ 'ನ್ಯಾಯಿಕ ಪುನರ್ವಿಮರ್ಶೆಯ ಮಿತಿಗಳನ್ನು ವಿವರಿಸಿ' ಎಂಬ ಪ್ರಶ್ನೆ ಬಂತು, ಅಂದರೆ ಜುಡಿಷಿಯಲ್ ರಿವ್ಯೂ. ಅವಳು ಎರಡು ಪುಟ ತುಂಬ ಸಂವಿಧಾನದ 137ನೇ ವಿಧಿ ಬರೆದು ಬಂದಳು. ಸುಪ್ರೀಂ ಕೋರ್ಟ್ ತಾನು ಕೊಟ್ಟ ತೀರ್ಪನ್ನು ತಾನೇ ಮತ್ತೆ ನೋಡುವ ವಿಚಾರ ಅದು. ಕೇಳಿದ್ದು ಬೇರೆ. ಸರ್ಕಾರವೋ ಶಾಸನಸಭೆಯೋ ಮಾಡಿದ್ದು ಸಂವಿಧಾನಕ್ಕೆ ಒಪ್ಪುತ್ತದಾ ಎಂದು ಕೋರ್ಟ್ ನೋಡುವುದು, ಅಂದರೆ 13, 32, 226ನೇ ವಿಧಿಗಳ ಕಥೆ. ಅಂಕ ಹೋಯ್ತು. ತಪ್ಪು ಹುಡುಗಿಯದಾ, ಪದದ್ದಾ?

ನನಗೆ ಪದದ್ದೇ ಜಾಸ್ತಿ ಅನ್ನಿಸುತ್ತದೆ. 'ಪುನರ್' ಎಂದರೆ ಮತ್ತೊಮ್ಮೆ. ತೀರ್ಪನ್ನು ಮರಳಿ ನೋಡುವಾಗ ಆ ಮಾತು ಸರಿ. ಆದರೆ ಒಂದು ಕಾಯ್ದೆಯನ್ನು ರಿಟ್ (ಹೈಕೋರ್ಟಿಗೋ ಸುಪ್ರೀಂ ಕೋರ್ಟಿಗೋ ನೇರವಾಗಿ ಕೊಡುವ ಅರ್ಜಿ) ಹಾಕಿ ಪ್ರಶ್ನಿಸಿದಾಗ ಕೋರ್ಟ್ ಅದನ್ನು ನೋಡುತ್ತಿರುವುದೇ ಮೊದಲ ಸಲ. ಅಲ್ಲಿ 'ಪುನರ್' ಎಲ್ಲಿಂದ ಬಂತು? ಇಂಗ್ಲಿಷಿನ 'ರಿ'ಯನ್ನು ಸುಮ್ನೆ ಹೊತ್ತು ತಂದಿದ್ದೇವೆ, ಅಷ್ಟೆ.

ವಕೀಲರ ಬಾಯಲ್ಲಿ ಈ ಗೊಂದಲವೇ ಇಲ್ಲ, ನೋಡಿ. 'ರಿಟ್ ಹಾಕಿದ್ದೀವಿ' ಅಂದರೆ ಒಂದು, 'ರಿವ್ಯೂ ಹಾಕಿದ್ದೀವಿ' ಅಂದರೆ ಇನ್ನೊಂದು. ಪುಸ್ತಕಗಳಲ್ಲಿ ಮಾತ್ರ ಒಂದು ಕಡೆ ಪುನರಾವಲೋಕನ, ಒಂದು ಕಡೆ ಪರಾಮರ್ಶೆ, ಮತ್ತೊಂದು ಕಡೆ ಮರುಪರಿಶೀಲನೆ.

'ಪುನರ್' ಬಿಟ್ಟು ಬರೀ 'ವಿಮರ್ಶೆ' ಅನ್ನೋಣವೇ? ಅದೂ ದಾರಿ ತಪ್ಪಿಸುತ್ತದೆ. ವಿಮರ್ಶೆ ಅಂದರೆ ನಮಗೆ ನೆನಪಾಗುವುದು ಪುಸ್ತಕ ಚೆನ್ನಾಗಿದೆಯೋ ಇಲ್ಲವೋ ಎಂಬ ಮಾತು. ಕೋರ್ಟಿನ ಮಿತಿ ಇರುವುದೇ ಅಲ್ಲಿ. ನಮ್ಮದೇ ಬೊಮ್ಮಾಯಿ ಪ್ರಕರಣ ತೆಗೆದುಕೊಳ್ಳಿ. 1989ರ ಏಪ್ರಿಲ್ 19ರಂದು ರಾಜ್ಯಪಾಲರು ವರದಿ ಕಳಿಸಿದರು: 19 ಶಾಸಕರು ಬೆಂಬಲ ವಾಪಸ್ ಪಡೆದು ಪತ್ರ ಕೊಟ್ಟಿದ್ದಾರೆ ಅಂತ. ಮರುದಿನವೇ ಅವರಲ್ಲಿ 7 ಮಂದಿ, ನಾವು ಸರ್ಕಾರದ ಜೊತೆಗೇ ಇದ್ದೇವೆ ಎಂದು ಬರೆದುಕೊಟ್ಟರು. ಸದನದಲ್ಲೇ ಬಹುಮತ ತೋರಿಸುತ್ತೇನೆ ಅಂದರು ಆಗಿನ ಮುಖ್ಯಮಂತ್ರಿ ಎಸ್.ಆರ್. ಬೊಮ್ಮಾಯಿ. ಏಪ್ರಿಲ್ 21ಕ್ಕೆ 356ನೇ ವಿಧಿಯಡಿ, ಅಂದರೆ ರಾಷ್ಟ್ರಪತಿ ಆಳ್ವಿಕೆ ಹೇರುವ ವಿಧಿಯಡಿ, ರಾಷ್ಟ್ರಪತಿಗಳು ಸರ್ಕಾರವನ್ನೇ ವಜಾ ಮಾಡಿದರು. ಹೈಕೋರ್ಟಿನಲ್ಲಿ ಅರ್ಜಿ ಬಿದ್ದುಹೋಯಿತು. 1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ ಆ ವಜಾ ಸಂವಿಧಾನಬಾಹಿರ ಎಂದಿತು. ಬಹುಮತ ಇದೆಯೋ ಇಲ್ಲವೋ ತೀರ್ಮಾನವಾಗಬೇಕಾದದ್ದು ರಾಜಭವನದಲ್ಲಲ್ಲ, ಸದನದಲ್ಲಿ. (ಅಷ್ಟರಲ್ಲಿ ಚುನಾವಣೆ ಮುಗಿದು 4 ವರ್ಷ ಕಳೆದಿತ್ತು, ಬಿಡಿ.)

ಆ ತೀರ್ಪಿನಲ್ಲೇ ಕೋರ್ಟ್ ತನಗೂ ಗೆರೆ ಎಳೆದುಕೊಂಡಿತು. ಮಂತ್ರಿಮಂಡಲ ರಾಷ್ಟ್ರಪತಿಗೆ ಏನು ಸಲಹೆ ಕೊಟ್ಟಿತು ಎಂದು ಕೇಳುವಂತಿಲ್ಲ, 74ನೇ ವಿಧಿ ಅಡ್ಡ ಬರುತ್ತದೆ. ಆ ಸಲಹೆಗೆ ಆಧಾರವಾದ ಕಾಗದಪತ್ರ ತರಿಸಿ ನೋಡಬಹುದು. ಆಧಾರ ಇತ್ತೇ, ಅದು ವಿಷಯಕ್ಕೆ ಸಂಬಂಧಪಟ್ಟದ್ದೇ, ದುರುದ್ದೇಶ ಇತ್ತೇ ಎಂದು ಕೇಳಬಹುದು. ಅಷ್ಟು ಆಧಾರ ಸಾಕಾಗಿತ್ತೇ, ತೀರ್ಮಾನ ಜಾಣತನದ್ದೇ ಎಂದು ತೂಗಿ ನೋಡುವಂತಿಲ್ಲ.

ಅದಕ್ಕೇ ನನಗೆ 'ಒರೆ' ಹೊಳೆಯಿತು. ಅಕ್ಕಸಾಲಿಗ ಸರವನ್ನು ಕಲ್ಲಿಗೆ ಉಜ್ಜಿ ಚಿನ್ನವೋ ಅಲ್ಲವೋ ಹೇಳುತ್ತಾನೆ. ಸರ ಚೆಂದ ಇದೆಯಾ, ನಿಮ್ಮ ಕೊರಳಿಗೆ ಒಪ್ಪುತ್ತದಾ ಎಂದು ಹೇಳುವುದು ಅವನ ಕೆಲಸ ಅಲ್ಲ. 'ಸಂವಿಧಾನದ ಒರೆ', 'ಕಾಯ್ದೆಯನ್ನು ಒರೆಗೆ ಹಚ್ಚುವ ಅಧಿಕಾರ' ಅಂದರೆ ಹೇಗೆ? ಉತ್ತರಪತ್ರಿಕೆಯಲ್ಲಿ ಬರೆದರೆ ಮೌಲ್ಯಮಾಪಕರು ಮುಖ ಸಿಂಡರಿಸಬಹುದು ಎಂಬ ಭಯವಂತೂ ಇದೆ.

ಎರಡನೆಯದು 'ಒಕ್ಕೂಟ'. ಸಂವಿಧಾನದ 1ನೇ ವಿಧಿಯಲ್ಲಿ ಇಂಗ್ಲಿಷಿನ 'ಯೂನಿಯನ್' ಕನ್ನಡದಲ್ಲಿ 'ಒಕ್ಕೂಟ'. 'ಫೆಡರಲ್ ವ್ಯವಸ್ಥೆ'ಯೂ (ಕೇಂದ್ರ, ರಾಜ್ಯಗಳು ಅಧಿಕಾರ ಹಂಚಿಕೊಳ್ಳುವ ವ್ಯವಸ್ಥೆ) ಪತ್ರಿಕೆಗಳಲ್ಲಿ 'ಒಕ್ಕೂಟ ವ್ಯವಸ್ಥೆ'. 'ಫೆಡರೇಷನ್' ಬಿಟ್ಟು 'ಯೂನಿಯನ್' ಯಾಕೆ ಅಂತ ಅಂಬೇಡ್ಕರ್ 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ವಿವರಿಸಿದ್ದರು. ರಾಜ್ಯಗಳು ಒಪ್ಪಂದ ಮಾಡಿಕೊಂಡು ಸೇರಿದ್ದಲ್ಲ, ಬಿಟ್ಟು ಹೋಗುವ ಹಕ್ಕೂ ಇಲ್ಲ, ಅದಕ್ಕೆ. ಆ ವಾದವನ್ನು ಕನ್ನಡದಲ್ಲಿ ಬರೆಯಲು ಹೋದರೆ 'ಒಕ್ಕೂಟ ಅಲ್ಲ, ಒಕ್ಕೂಟ' ಎಂದಾಗುತ್ತದೆ! ತಮಾಷೆ ಅಂದರೆ ಹಾಲಿನವರು ಈ ವಿಷಯದಲ್ಲಿ ನಮಗಿಂತ ಹುಷಾರು. ಜಿಲ್ಲೆಗಳ ಮಟ್ಟದ ಯೂನಿಯನ್ 'ಹಾಲು ಒಕ್ಕೂಟ', ಅವೆಲ್ಲದರ ಮೇಲಿನ ಫೆಡರೇಷನ್, ಅಂದರೆ ಕೆಎಂಎಫ್, 'ಮಹಾಮಂಡಳ'.

'ಕೇಂದ್ರ'ದ ಗಲಾಟೆ ಬೇರೆ ಇದೆ. ಸಂವಿಧಾನ ಹೇಳುವುದು ಯೂನಿಯನ್, ನಾವು ಹೇಳುವುದು ಕೇಂದ್ರ ಸರ್ಕಾರ. ತಮಿಳುನಾಡಿನಲ್ಲಿ 2021ರಲ್ಲಿ ಸರ್ಕಾರವೇ 'ಮತ್ತಿಯ ಅರಸು' (ಕೇಂದ್ರ ಸರ್ಕಾರ) ಬಿಟ್ಟು 'ಒನ್ರಿಯ ಅರಸು' (ಯೂನಿಯನ್ ಸರ್ಕಾರ) ಅನ್ನತೊಡಗಿತು. ಬೊಮ್ಮಾಯಿ ತೀರ್ಪಿನಲ್ಲೂ ರಾಜ್ಯಗಳು ಕೇಂದ್ರದ ಬಾಲಂಗೋಚಿಗಳಲ್ಲ ಎಂಬರ್ಥದ ಮಾತು ಬರುತ್ತದೆ. ಅಲ್ಲಿಯೂ ಬಳಸಿದ್ದು 'ಸೆಂಟರ್' ಎಂಬ ಪದವೇ. ಹಾಗಾಗಿ ಇದಕ್ಕೆ ನನ್ನ ತಕರಾರಿಲ್ಲ.

ನನಗೆ ಬೇಕಾದದ್ದು ಇಷ್ಟು. 'ಫೆಡರಲ್'ಗೆ 'ಒಕ್ಕೂಟ' ಬಿಟ್ಟು ಬೇರೆ ಪದವನ್ನು ಯಾರಾದರೂ ತರಗತಿಯಲ್ಲೋ ತೀರ್ಪಿನ ಅನುವಾದದಲ್ಲೋ ಬಳಸಿದ್ದೀರಾ? 'ಒರೆ' ತೀರಾ ಅತಿಯಾಯಿತಾ? ಹುಡುಗಿಗೆ ಮುಂದಿನ ತಿಂಗಳು ಮತ್ತೆ ಅದೇ ಪರೀಕ್ಷೆ ಇದೆ, ಸ್ವಲ್ಪ ಬೇಗ ಹೇಳಿ.