ಮನೆಯಲ್ಲಿ ಮಾಡಿದ ಸೈಕಲ್ ದೀಪ ಇಪ್ಪತ್ತು ನಿಮಿಷಕ್ಕೆ ಮಂಕಾಗುತ್ತದೆ, ಗುಂಡಿಗೆ ಇಳಿದರೆ ಆರುತ್ತದೆ

ಸವೆದ ಟೈರು:

ಮೂರು ಭಾನುವಾರ ಕೂತು ಸೈಕಲ್‌ಗೆ ಒಂದು ಎಲ್‌ಇಡಿ ದೀಪ ಮಾಡಿದ್ದೇನೆ. ಅರ್ಧ ಮಾಡಿದ್ದೇನೆ ಅನ್ನುವುದೇ ಸರಿ. ಯಾಕಂದ್ರೆ ಅದು ನನ್ನ ಮಾತು ಕೇಳುತ್ತಿಲ್ಲ.

ಒಳಗೆ ಇರುವುದು ಇಷ್ಟು: ನಕ್ಷತ್ರದ ಆಕಾರದ ಅಲ್ಯೂಮಿನಿಯಂ ಬಿಲ್ಲೆಯ ಮೇಲೆ ಕೂತಿರುವ 3 ವಾಟ್‌ನ ಬಿಳಿ ಎಲ್‌ಇಡಿ, ಹಳೆ ಲ್ಯಾಪ್‌ಟಾಪ್ ಬ್ಯಾಟರಿ ಬಿಚ್ಚಿ ತೆಗೆದ ಒಂದು 18650 ಸೆಲ್ (ಮತ್ತೆ ಮತ್ತೆ ಚಾರ್ಜ್ ಮಾಡುವ ಲಿಥಿಯಂ ಸೆಲ್), ಸ್ಪ್ರಿಂಗ್ ಇರುವ ಪ್ಲಾಸ್ಟಿಕ್ ಹೋಲ್ಡರ್, 1 ಓಮ್‌ನ ಸಿಮೆಂಟ್ ರೆಸಿಸ್ಟರ್, ಒಂದು ಸ್ವಿಚ್. ಎಲ್ಲವನ್ನೂ ಪಿವಿಸಿ ಪೈಪಿನ ತುಂಡಿನೊಳಗೆ ತುರುಕಿ ಎರಡೂ ಕಡೆ ಮುಚ್ಚಳ ಹಾಕಿದ್ದೇನೆ. ಮುಂದಿನ ಮುಚ್ಚಳದಲ್ಲಿ ತೂತು ಕೊರೆದು 30 ಡಿಗ್ರಿಯ ಲೆನ್ಸ್ ಕೂರಿಸಿ, ಸುತ್ತ ಸಿಲಿಕೋನ್ ಬಳಿದಿದ್ದೇನೆ. ಚಾರ್ಜ್ ಮಾಡಲು ಟಿಪಿ4056 ಬೋರ್ಡ್ ಇದೆ. ದೀಪಕ್ಕೆ ತಂತಿ ಮಾತ್ರ ಸೆಲ್‌ನಿಂದಲೇ ನೇರ.

ಹಚ್ಚಿದ ಕೂಡಲೇ ರಸ್ತೆ ಹಾಲು ಚೆಲ್ಲಿದ ಹಾಗೆ ಕಾಣುತ್ತದೆ. ಇಪ್ಪತ್ತು ನಿಮಿಷ ತುಳಿಯುವಷ್ಟರಲ್ಲಿ ಅರ್ಧ ಬೆಳಕೂ ಇರುವುದಿಲ್ಲ. ಚಕ್ರ ಗುಂಡಿಗೆ ಇಳಿದರೆ ಪಕ್ ಅಂತ ಆರಿ ಮತ್ತೆ ಹತ್ತುತ್ತದೆ. ಬೆಳಕು ಯಾವಾಗ ಬೇಕೋ ಆಗಲೇ ಇಲ್ಲ! ಮೊನ್ನೆ ಎದುರಿಗೆ ಬಂದ ಸೈಕಲ್‌ನವರು ಕಣ್ಣಿಗೆ ಕೈ ಅಡ್ಡ ಹಿಡಿದು ಬೈದುಕೊಂಡು ಹೋದರು, ಅದು ಬೇರೆ.

ನನ್ನ ಅನುಮಾನ ಸೆಲ್ ಮೇಲೆ. ತಮ್ಮ ಹೇಳುವುದು ಎಲ್‌ಇಡಿ ಸುಟ್ಟುಹೋಗುತ್ತಿದೆ ಅಂತ. ಮಲ್ಟಿಮೀಟರ್ ಇದೆ, ಆದರೆ ಸೆಲ್ ವೋಲ್ಟೇಜ್ ನೋಡುವುದು ಬಿಟ್ಟು ಹೆಚ್ಚೇನೂ ಗೊತ್ತಿಲ್ಲ. ಎಲ್ಲಿಂದ ಹುಡುಕಲು ಶುರು ಮಾಡಲಿ?

ಎರಡೇ ಗೇರ್:

ಸುಮ್ನೆ ರೆಡಿಮೇಡ್ ಒಂದು ತಗೊಳ್ಳಿ. ಮೂರು ಭಾನುವಾರ ಉಳಿಯುತ್ತಿತ್ತು.

ಸವೆದ ಟೈರು:

ಭಾನುವಾರ ಉಳಿಸಿ ಏನು ಮಾಡಲಿ ಸ್ವಾಮಿ, ಮತ್ತೆ ಇಂಥದ್ದೇ ಇನ್ನೊಂದು ಮಾಡುತ್ತೇನೆ.

ಬೆಸುಗೆ ಮಾವ:

ಮೊದಲು ಯಾವುದನ್ನೂ ಬದಲಿಸಬೇಡಿ. ಸೆಲ್ ಬದಲಿಸಿ, ಎಲ್‌ಇಡಿ ಬದಲಿಸಿ, ಆಮೇಲೆ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗದೆ ತಲೆ ಕೆರೆದುಕೊಳ್ಳುವುದು ನಾನೂ ಮಾಡಿದ ಕೆಲಸವೇ.

ಬೆಳಕು ಕಡಿಮೆ ಆಗಲು ಎರಡು ದಾರಿ. ಕರೆಂಟ್ ಅಷ್ಟೇ ಇದ್ದು ಬೆಳಕು ಮಾತ್ರ ಇಳಿದರೆ ಎಲ್‌ಇಡಿ ಕಾದಿದೆ ಅಂತ ಅರ್ಥ. ಕರೆಂಟೇ ಇಳಿದಿದ್ದರೆ ತಪ್ಪು ಬೇರೆ ಎಲ್ಲೋ ಇದೆ. ನೀವು ಗೊತ್ತಿಲ್ಲದೆಯೇ ಒಂದು ಒಳ್ಳೆ ಕೆಲಸ ಮಾಡಿದ್ದೀರಿ. ರೆಸಿಸ್ಟರ್ ಸರಿಯಾಗಿ 1 ಓಮ್. ಅದರ ಎರಡು ಕಾಲಿಗೆ ಮೀಟರ್ ತಂತಿಗಳ ಮುಳ್ಳು ಹಿಡಿದರೆ ಎಷ್ಟು ವೋಲ್ಟ್ ತೋರಿಸುತ್ತದೋ ಅಷ್ಟೇ ಆಂಪ್ ಕರೆಂಟ್. ಲೆಕ್ಕವೇ ಬೇಡ.

ಹಿಂದಿನ ಮುಚ್ಚಳ ತೆಗೆದು ದೀಪ ಹಚ್ಚಿ. ಮೂರು ಕಡೆ ಅಳೆಯಿರಿ: ಸೆಲ್‌ನ ಎರಡು ತುದಿ (ಹೋಲ್ಡರ್ ತಂತಿಯಲ್ಲಿ ಅಲ್ಲ, ಸೆಲ್ ಮೈಮೇಲೇ), ಎಲ್‌ಇಡಿಯ ಎರಡು ಕಾಲು, ರೆಸಿಸ್ಟರ್‌ನ ಎರಡು ಕಾಲು. ಬರೆದಿಡಿ. ಇಪ್ಪತ್ತು ನಿಮಿಷ ಬಿಟ್ಟು ಅದೇ ಮೂರನ್ನು ಮತ್ತೆ ಅಳೆಯಿರಿ.

ಒಂದು ಎಚ್ಚರ. ಸೆಲ್ ಮೈಯ ಪ್ಲಾಸ್ಟಿಕ್ ಹೊದಿಕೆ ಹರಿದಿದೆಯಾ ನೋಡಿ. 18650ಯ ಇಡೀ ಲೋಹದ ಡಬ್ಬಿಯೇ ಮೈನಸ್. ಪ್ಲಸ್ ಗುಂಡಿಯ ಸುತ್ತ ಇರುವ ಅಂಚೂ ಮೈನಸ್ಸೇ. ನಡುವೆ ಇರುವುದು ಆ ತೆಳು ಹೊದಿಕೆ, ಒಂದು ಕಾಗದದ ಬಳೆ, ಅಷ್ಟೇ. ಮೀಟರ್ ಮುಳ್ಳು ಜಾರಿ ಎರಡಕ್ಕೂ ತಾಗಿದರೆ ಕಿಡಿ ಹಾರುತ್ತದೆ, ಸೆಲ್ಲೇ ಹೊತ್ತಿಕೊಳ್ಳಲೂಬಹುದು.

ಸವೆದ ಟೈರು:

ಅಳೆದೆ. ಕೈ ನಡುಗುತ್ತಿತ್ತು, ನಿಮ್ಮ ಎಚ್ಚರಿಕೆ ಓದಿದ ಮೇಲೆ.

ಹಚ್ಚಿದ ತಕ್ಷಣ ಸೆಲ್ 4.05, ಎಲ್‌ಇಡಿ 3.35, ರೆಸಿಸ್ಟರ್ 0.55.
ಇಪ್ಪತ್ತು ನಿಮಿಷ ಆದ ಮೇಲೆ ಸೆಲ್ 3.95, ಎಲ್‌ಇಡಿ 3.15, ರೆಸಿಸ್ಟರ್ 0.33.

ಅಂದರೆ ಕರೆಂಟ್ 550 ಮಿಲಿಆಂಪ್‌ನಿಂದ 330ಕ್ಕೆ ಇಳಿದಿದೆ, ಅಲ್ವಾ? ಸೆಲ್ ಹೋಗಿದೆ ಅಂತಲೇ ತಾನೆ ಇದರ ಅರ್ಥ?

ಬೆಸುಗೆ ಮಾವ:

ಅಲ್ಲ. ಸೆಲ್ ಇಳಿದದ್ದು ಬರೀ 0.10 ವೋಲ್ಟ್. ಪಾಪ, ಅದನ್ನು ಬೈಯಬೇಡಿ.

ಈಗ ಕೂಡಿಸಿ ನೋಡಿ. ಸೆಲ್ ಕೊಟ್ಟದ್ದೆಲ್ಲ ಎಲ್ಲಾದರೂ ಖರ್ಚಾಗಿರಲೇಬೇಕು. ಮೊದಲ ಸಲ ಎಲ್‌ಇಡಿ, ರೆಸಿಸ್ಟರ್ ಸೇರಿ 3.90. ಸೆಲ್‌ನಲ್ಲಿ 4.05. ನಡುವೆ 0.15 ವೋಲ್ಟ್ ಕಾಣೆ. ಎರಡನೇ ಸಲ 3.15ಕ್ಕೆ 0.33 ಸೇರಿಸಿದರೆ 3.48. ಸೆಲ್ 3.95. ಕಾಣೆಯಾದದ್ದು 0.47! ಕರೆಂಟ್ ಕಡಿಮೆಯಾದರೂ ಕಳ್ಳತನ ಜಾಸ್ತಿ ಆಗಿದೆ. ಅಂದರೆ ದಾರಿಯಲ್ಲಿ ಎಲ್ಲೋ ಒಂದು ಜೋಡಣೆ ಮೊದಲು ಕಾಲು ಓಮ್ ಇದ್ದದ್ದು ಕಾದ ಮೇಲೆ ಸುಮಾರು 1.4 ಓಮ್ ಆಗಿದೆ. ನಿಮ್ಮ ರೆಸಿಸ್ಟರ್‌ಗಿಂತ ದೊಡ್ಡ ರೆಸಿಸ್ಟರ್ ಒಂದು ಒಳಗೆ ಅಡಗಿ ಕೂತಿದೆ.

ಆ ದಾರಿಯಲ್ಲಿ ಉಳಿದಿರುವುದು ಸ್ವಿಚ್, ಹೋಲ್ಡರ್, ಬೆಸುಗೆಗಳು. ದೀಪ ಉರಿಯುತ್ತಿರುವಾಗಲೇ ಒಂದೊಂದರ ಎರಡೂ ಬದಿಗೆ ಮುಳ್ಳು ಹಿಡಿಯಿರಿ. ಚೆನ್ನಾಗಿರುವ ಜೋಡಣೆ ಸೊನ್ನೆಯ ಹತ್ತಿರ ತೋರಿಸುತ್ತದೆ. ಗುಂಡಿಗೆ ಇಳಿದಾಗ ಆರುವುದೂ ಇದೇ ಕಳ್ಳನ ಕೆಲಸ ಅಂತ ನನ್ನ ಅಂದಾಜು. ಒಣ ಮರದ ಕಡ್ಡಿಯಿಂದ ಒಂದೊಂದನ್ನೂ ಮೆಲ್ಲಗೆ ಅಲ್ಲಾಡಿಸಿ. ಪೆನ್ಸಿಲ್ ಬೇಡ, ಅದರ ಮೊನೆ ಕರೆಂಟ್ ಹರಿಸುತ್ತದೆ.

ನನ್ನ ಪಂದ್ಯ ಸ್ಪ್ರಿಂಗ್ ಮೇಲೆ. ತಂತಿಯನ್ನು ಸ್ಪ್ರಿಂಗ್‌ಗೇ ಬೆಸೆದಿದ್ದೀರಾ?

ಮಳೆ ಸವಾರ:

ನಡುವೆ ಬಾಯಿ ಹಾಕುತ್ತಿದ್ದೇನೆ. ಆ ಸಿಲಿಕೋನ್ ಹಚ್ಚುವಾಗ ಹುಳಿ ವಾಸನೆ ಬಂತಾ? ವಿನೆಗರ್ ಥರ? ಬಂದಿದ್ದರೆ ಕಿತ್ತು ತೆಗೆಯಿರಿ. ಆ ಜಾತಿಯ ಸಿಲಿಕೋನ್ ಗಟ್ಟಿಯಾಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ. ಅದು ತಾಮ್ರವನ್ನು ತಿನ್ನುತ್ತದೆ. ನನ್ನ ಮೊದಲ ದೀಪವನ್ನು ಒಂದು ಮಳೆಗಾಲ ಆದ ಮೇಲೆ ಬಿಚ್ಚಿದೆ. ನೀರು ಒಂದು ಹನಿಯೂ ಹೋಗಿರಲಿಲ್ಲ, ಆದರೆ ತಂತಿಗಳು ಪಾಚಿ ಕಟ್ಟಿದ ಹಾಗೆ ಹಸಿರು. ನ್ಯೂಟ್ರಲ್ ಕ್ಯೂರ್ ಅಂತ ಬರೆದಿರುವ ಟ್ಯೂಬ್ ತಗೊಳ್ಳಿ. ಕೆಳಭಾಗದಲ್ಲಿ ಒಂದು ಸಣ್ಣ ತೂತು ಬಿಡಿ. ಪೂರ್ತಿ ಮುಚ್ಚಿದರೆ ಒಳಗಿನ ತೇವ ಲೆನ್ಸ್ ಮೇಲೆ ಮಂಜಾಗಿ ಕೂರುತ್ತದೆ.

ಸವೆದ ಟೈರು:

ಮಾವ, ಪಂದ್ಯ ಗೆದ್ದಿರಿ. ಸ್ವಿಚ್ ಎರಡು ಬದಿ 0.04. ಸ್ಪ್ರಿಂಗ್‌ಗೂ ಕೆಂಪು ತಂತಿಗೂ ನಡುವೆ 0.39!

ಭೂತಗನ್ನಡಿ ಹಿಡಿದು ನೋಡಿದೆ. ಹೊರಗಿಂದ ಬೆಸುಗೆ ಮುತ್ತಿನ ಹಾಗೆ ಹೊಳೆಯುತ್ತಿದೆ, ದುಂಡಗೆ, ಚೆಂದ. ಕಡ್ಡಿಯಿಂದ ಒತ್ತಿದರೆ ಅದರ ಬುಡದಲ್ಲಿ ಕೂದಲೆಳೆಯಷ್ಟು ಕಪ್ಪು ಗೆರೆ ತೆರೆದು ಮುಚ್ಚುತ್ತದೆ. ಜೊತೆಗೇ ದೀಪ ಮಿಣುಕ್ ಅನ್ನುತ್ತದೆ. ಇನ್ನೊಂದು ಸಲ ಒತ್ತಿದ್ದಕ್ಕೆ ಇಡೀ ಗುಂಡೇ ತಂತಿಯ ಜೊತೆ ಕಳಚಿ ಕೈಗೆ ಬಂತು. ಸ್ಪ್ರಿಂಗ್ ಮೇಲೆ ತವರದ ಗುರುತೂ ಇಲ್ಲ. ಹುಳಿ ವಾಸನೆಯೂ ಹೌದು, ಬಂದಿತ್ತು. ಇವತ್ತು ನನ್ನ ಮರ್ಯಾದೆ ಎರಡೂ ಕಡೆಯಿಂದ ಹೋಯಿತು.

ಬೆಸುಗೆ ಮಾವ:

ಕೆಸುವಿನ ಎಲೆ ಮೇಲೆ ನೀರು ನಿಂತ ಹಾಗೆ ನಿಂತಿತ್ತು ಅದು, ಅಂಟಿರಲಿಲ್ಲ. ಸ್ಪ್ರಿಂಗ್ ಉಕ್ಕಿನದು. ತಾಮ್ರದಷ್ಟು ಸುಲಭವಾಗಿ ತವರ ಹಿಡಿಯುವುದಿಲ್ಲ. ಮರಳು ಕಾಗದದಿಂದ ಉಜ್ಜಿ, ತವರ ಹಿಡಿಯಲು ಹಚ್ಚುವ ಫ್ಲಕ್ಸ್ ಹಚ್ಚಿ, ಮೊದಲು ಸ್ಪ್ರಿಂಗ್ ಬುಡ ಕಾಯಿಸಿ, ತವರವನ್ನು ಬೆಸುಗೆ ಸಲಾಕೆಯ ತುದಿಗಲ್ಲ, ಕಾದ ಲೋಹಕ್ಕೆ ಮುಟ್ಟಿಸಿ. ತವರ ಗುಂಡಾಗದೆ ತೆಳ್ಳಗೆ ಹರಡಿದರೆ ಹಿಡಿದಿದೆ ಅಂತ. ಈ ಕೆಲಸ ಮಾಡುವಾಗ ಹೋಲ್ಡರ್‌ನಲ್ಲಿ ಸೆಲ್ ಇರಬಾರದು. ಎಳೆಎಳೆ ತಂತಿಯೇ ಬಳಸಿ. ಒಂಟಿ ಗಟ್ಟಿ ತಂತಿ ಅದುರಿ ಅದುರಿ ಮುರಿಯುತ್ತದೆ. ಸೆಲ್ ಹಿಂದೆ ಒಂದು ತುಂಡು ಫೋಮ್ ಒತ್ತಿಡಿ, ಸ್ಪ್ರಿಂಗ್ ಕುಣಿಯಬಾರದು.

ನಿಮ್ಮ ತಮ್ಮನ ಮಾತೂ ಪೂರ್ತಿ ಸುಳ್ಳಲ್ಲ. ಎಲ್‌ಇಡಿ ತಿನ್ನುತ್ತಿರುವುದು ಎರಡು ವಾಟ್‌ಗೆ ಹತ್ತಿರ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಶಾಖವೇ. ಆ ಬಿಲ್ಲೆಯನ್ನು ಪಿವಿಸಿಗೆ ಅಂಟಿಸುವುದು ಕಂಬಳಿ ಹೊದಿಸಿದ ಹಾಗೆ. ಅಲ್ಯೂಮಿನಿಯಂ ಪಟ್ಟಿ ಒಂದನ್ನು ಪೈಪಿನ ಹೊರಗೆ ಗಾಳಿಗೆ ಬರುವ ಹಾಗೆ ಬಗ್ಗಿಸಿ, ಬಿಲ್ಲೆಯನ್ನು ಥರ್ಮಲ್ ಪೇಸ್ಟ್ ಹಚ್ಚಿ ಅದಕ್ಕೆ ಸ್ಕ್ರೂ ಮಾಡಿ. ಪಟ್ಟಿಯ ಮೇಲೆ ಬೆರಳು ಇಟ್ಟು ಐದು ಎಣಿಸಲು ಆದರೆ ಸಾಕು.

ಮುಂದಿನ ಭಾನುವಾರಕ್ಕೆ: ರೆಸಿಸ್ಟರ್ ತೆಗೆದು ಕರೆಂಟನ್ನು ಒಂದೇ ಮಟ್ಟದಲ್ಲಿ ಹಿಡಿದಿಡುವ ಎಎಂಸಿ7135 ಚಿಪ್ ಹಾಕಿ. ಅದು ಎಲ್‌ಇಡಿಯ ಮೈನಸ್ ಕಡೆ ಕೂರುತ್ತದೆ. ಒಂದು ಚಿಪ್ 350 ಮಿಲಿಆಂಪ್ ಬಿಡುತ್ತದೆ, ಎರಡನ್ನು ಪಕ್ಕಪಕ್ಕ ಸೇರಿಸಿದರೆ 700. ಸೆಲ್ 4.2ರಲ್ಲಿ ಇದ್ದರೂ 3.6ರಲ್ಲಿ ಇದ್ದರೂ ಬೆಳಕು ಹೆಚ್ಚುಕಡಿಮೆ ಒಂದೇ. ರೆಸಿಸ್ಟರ್‌ಗೆ ಆ ಬುದ್ಧಿ ಇಲ್ಲ. ಟಿಪಿ4056 ಬೋರ್ಡಿನಲ್ಲಿ ಔಟ್ ಅಂತ ಬರೆದ ಎರಡು ಬಿಂದು ಇದ್ದರೆ ದೀಪಕ್ಕೆ ಅಲ್ಲಿಂದಲೇ ತಂತಿ ತೆಗೆಯಿರಿ. ಸೆಲ್ ತೀರಾ ಬರಿದಾಗುವ ಮೊದಲೇ ಅದು ಕಡಿದು ಹಾಕುತ್ತದೆ. ನೀವು ನೇರ ತೆಗೆದದ್ದರಿಂದ ಈಗ ಆ ಕಾವಲು ಇಲ್ಲ.

ಡೈನಮೊ ಭಕ್ತ:

ನಾನು ಬ್ಯಾಟರಿಯ ಗೊಡವೆಗೇ ಹೋಗಿಲ್ಲ. ಮುಂದಿನ ಚಕ್ರದ ಹಬ್ ಡೈನಮೊ, 6 ವೋಲ್ಟ್ 3 ವಾಟ್‌ನದು. ನಾಲ್ಕು ಡಯೋಡ್‌ನ ಸೇತುವೆ ಹಾಕಿ ಅದರ ಎಸಿ ಕರೆಂಟನ್ನು ಡಿಸಿ ಮಾಡಿದರೆ ಸಾಕು. ವೇಗ ಹೆಚ್ಚಿದರೂ ಕರೆಂಟ್ ಅರ್ಧ ಆಂಪ್ ಸುತ್ತಮುತ್ತಲೇ ನಿಲ್ಲುತ್ತದೆ. ನಿಂತರೆ ಆರುತ್ತದೆ, ಅದೊಂದು ಕೊರಗು.

ಬೈಸಿಕೊಂಡ ವಿಷಯಕ್ಕೆ ಯಾರೂ ಉತ್ತರಿಸಿಲ್ಲ. ಗೋಡೆಯಿಂದ 5 ಮೀಟರ್ ದೂರ ಸೈಕಲ್ ನಿಲ್ಲಿಸಿ. ದೀಪದ ಎತ್ತರಕ್ಕೆ ಗೋಡೆ ಮೇಲೆ ಒಂದು ಗೆರೆ ಹಾಕಿ. ಬೆಳಕಿನ ನಡುಭಾಗ ಆ ಗೆರೆಗಿಂತ 10 ಸೆಂಟಿಮೀಟರ್ ಕೆಳಗೆ ಬೀಳಬೇಕು. ಮೀಟರಿಗೆ 2 ಸೆಂಟಿಮೀಟರ್ ಇಳಿದ ಹಾಗಾಯಿತು. ದೀಪ 90 ಸೆಂಟಿಮೀಟರ್ ಎತ್ತರದಲ್ಲಿದ್ದರೆ 45 ಮೀಟರ್ ಮುಂದೆ ನೆಲ ಮುಟ್ಟುತ್ತದೆ. ಆದರೆ 30 ಡಿಗ್ರಿ ಲೆನ್ಸ್‌ನಲ್ಲಿ ಇಷ್ಟು ಬಗ್ಗಿಸಿದರೂ ಮೇಲಂಚು ಜನರ ಕಣ್ಣಿಗೇ ಹೋಗುತ್ತದೆ. 10 ಡಿಗ್ರಿಯದು ಹಾಕಿ, ಮೇಲೆ ಕಪ್ಪು ತಗಡಿನ ಒಂದು ಹುಬ್ಬು ಕೂರಿಸಿ.

ಸವೆದ ಟೈರು:

ಬೆಸುಗೆ ಹೊಸದು. ಪಟ್ಟಿ, ಫೋಮ್ ಆಯಿತು. ತಂತಿ ಔಟ್‌ಗೆ ಹೋಯಿತು. ಹುಳಿ ಸಿಲಿಕೋನ್ ಕೆರೆದು ತೆಗೆದೆ, ಉಗುರು ಹೋಯಿತು. ಹಬ್ಬದ ಮುಖವಾಡದ ಹಾಗೆ ಹುಬ್ಬೂ ಬಂದಿದೆ. ಈಗ ರೆಸಿಸ್ಟರ್ ಮೇಲೆ ಹಚ್ಚಿದಾಗ 0.59, ಇಪ್ಪತ್ತು ನಿಮಿಷಕ್ಕೆ 0.53. ನಿನ್ನೆ ರಾತ್ರಿ ಬೇಕಂತಲೇ ಗುಂಡಿ ಹುಡುಕಿ ಹುಡುಕಿ ಇಳಿಸಿದೆ. ಒಂದು ಸಲವೂ ಆರಲಿಲ್ಲ, ನನ್ನ ಸೊಂಟ ಮಾತ್ರ ಹೋಯಿತು.

ಇದೇ ಸೆಲ್‌ನಿಂದ ಹಿಂದಕ್ಕೆ ಒಂದು ಸಣ್ಣ ಕೆಂಪು ದೀಪ ಕೊಡಬಹುದಾ?

ಬೆಸುಗೆ ಮಾವ:

ಧಾರಾಳವಾಗಿ. 5 ಮಿಲಿಮೀಟರ್‌ನ ಸಾದಾ ಕೆಂಪು ಎಲ್‌ಇಡಿ ಸುಮಾರು 2 ವೋಲ್ಟ್ ತಗೊಳ್ಳುತ್ತದೆ. ಜೊತೆಗೆ 100 ಓಮ್ ಹಾಕಿ. ಸೆಲ್ 4 ವೋಲ್ಟ್ ಇದ್ದಾಗ 20 ಮಿಲಿಆಂಪ್, 3.5ಕ್ಕೆ ಇಳಿದಾಗ 15. ದೊಡ್ಡ ದೀಪಕ್ಕೆ ಇದು ಲೆಕ್ಕಕ್ಕೇ ಇಲ್ಲ. ಸ್ವಿಚ್ ದಾಟಿದ ಮೇಲೆ ಕವಲು ತೆಗೆಯಿರಿ, ಎರಡೂ ಒಟ್ಟಿಗೆ ಹತ್ತುತ್ತವೆ. ತಂತಿಯನ್ನು ಫ್ರೇಮ್ ಉದ್ದಕ್ಕೂ ಕಟ್ಟುವ ಮೊದಲು ಹ್ಯಾಂಡಲ್ ಹತ್ತಿರ ಒಂದು ಸಡಿಲ ಸುರುಳಿ ಬಿಡಿ. ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ತಂತಿ ಎಲ್ಲೂ ಬಿಗಿಯಾಗದಿದ್ದರೆ ಆಮೇಲೆ ಕಟ್ಟಿ.