ರಾತ್ರಿ ಎರಡಕ್ಕೇ ಯಾಕೆ ಕಾಲಮ್ ಉಕ್ಕುತ್ತದೆ?

ಕೇಳಿದ್ದು:
ಬಾಗಲಕೋಟೆ ಕಡೆಯ ಒಂದು ಡಿಸ್ಟಿಲರಿಯಲ್ಲಿ ಶಿಫ್ಟ್ ಇಂಜಿನಿಯರ್ ಆಗಿ ಎಂಟು ತಿಂಗಳಾಯಿತು. ಕಾಕಂಬಿ ವಾಶ್ (ಹುದುಗಿಸಿದ ದ್ರವ), ಅದರಿಂದ ಆಲ್ಕೋಹಾಲ್ ಬೇರ್ಪಡಿಸಲು ವ್ಯಾಕ್ಯೂಮ್‌ನಲ್ಲಿ ಓಡುವ ಆ್ಯನಲೈಸರ್ ಕಾಲಮ್. ವಾರದಲ್ಲಿ ಮೂರ್ನಾಲ್ಕು ದಿನ ರಾತ್ರಿ ಎರಡರ ಹೊತ್ತಿಗೆ ಡಿಪಿ (ಕಾಲಮ್‌ನ ತಳಕ್ಕೂ ತುದಿಗೂ ಇರುವ ಒತ್ತಡದ ವ್ಯತ್ಯಾಸ) ಏರುತ್ತದೆ, ತಳದ ಲೆವೆಲ್ ಇಳಿಯುತ್ತದೆ, ಮುಂದಿನ ಶುದ್ಧೀಕರಣದ ಕಾಲಮ್‌ಗೆ, ಅಂದರೆ ರೆಕ್ಟಿಫೈಯರ್‌ಗೆ, ಹೋಗುವ ಫೀಡ್‌ನ ಸ್ಯಾಂಪಲ್ ಚಹಾದ ಬಣ್ಣಕ್ಕೆ ತಿರುಗುತ್ತದೆ. ಸ್ಟೀಮ್ ಇಳಿಸಿದರೆ ಸರಿಹೋಗುತ್ತದೆ. ಒಂದು ತಾಸಿಗೆ ಮತ್ತೆ ಅದೇ. ಒಬ್ಬರು ಫ್ಲಡಿಂಗ್ ಅಂತಾರೆ, ಇನ್ನೊಬ್ಬರು ಫೋಮಿಂಗ್ ಅಂತಾರೆ. ಯಾವುದು ಅಂತ ಹೇಗೆ ಗುರುತಿಸುವುದು?

ಪ್ಯಾನೆಲ್‌ನಲ್ಲಿ 22 ವರ್ಷ ಕೂತವರು:
ತಮ್ಮಾ, ಇಬ್ಬರೂ ಹೇಳಿದ್ದು ಸರಿ ಇರಬಹುದು. ಮೇಲಿಂದ ಇಳಿಯಬೇಕಾದ ದ್ರವ ಕಾಲಮ್ ಒಳಗಿನ ಟ್ರೇ (ಅಡ್ಡ ತಟ್ಟೆ) ಮೇಲೇ ನಿಂತುಬಿಟ್ಟರೆ ಅದು ಫ್ಲಡಿಂಗ್. ಅದಕ್ಕೇ ತಳದಲ್ಲಿ ಲೆವೆಲ್ ಬೀಳೋದು. ಹಬೆಯ ವೇಗ ಮಿತಿ ಮೀರಿ ದ್ರವವನ್ನು ಮೇಲಿನ ಟ್ರೇಗೆ ಎತ್ತಿಕೊಂಡು ಹೋದರೂ ಹಾಗಾಗುತ್ತದೆ, ಡೌನ್‌ಕಮರ್ (ಒಂದು ಟ್ರೇಯಿಂದ ಕೆಳಗಿನ ಟ್ರೇಗೆ ದ್ರವ ಇಳಿಯುವ ದಾರಿ) ಕಟ್ಟಿಕೊಂಡರೂ ಆಗುತ್ತದೆ, ನೊರೆಯಿಂದಲೂ ಆಗುತ್ತದೆ.

ನಾನು ಮೊದಲು ನೋಡೋದು ಲಾಗ್‌ಬುಕ್. ಪ್ರತಿ ಸಲ ಒಂದೇ ಲೋಡ್‌ಗೆ (ಕಾಲಮ್ ಎಷ್ಟು ಫೀಡ್ ಎಳೆಯುತ್ತಿದೆ ಅನ್ನುವುದು) ಬಂದಾಗ ಉಕ್ಕಿದರೆ ಕಾಲಮ್ ಮೇಲೆ ಅನುಮಾನ. ನಿನ್ನೆ ಆರಾಮಾಗಿ ಎಳೆದ ಲೋಡ್‌ಗೇ ಇವತ್ತು ಉಕ್ಕಿದರೆ ವಾಶ್ ಮೇಲೆ ಅನುಮಾನ. ಯಾವ ಫರ್ಮೆಂಟರ್‌ನಿಂದ (ಹುದುಗಿಸುವ ಟ್ಯಾಂಕ್) ಎಷ್ಟು ಗಂಟೆಗೆ ಎಳೆಯಲು ಶುರು ಮಾಡಿದಿರಿ ಅನ್ನುವುದನ್ನು ಡಿಪಿ ಪಕ್ಕದಲ್ಲೇ ಬರೆದುಕೊಳ್ಳಿ. ಲಾಗ್‌ಬುಕ್‌ನ ಈ ಅಂಕಣ ತುಂಬಾ ಜನ ಖಾಲಿ ಬಿಡುತ್ತಾರೆ.

ಆಮೇಲೆ ಬಾಟಲಿ. ವಾಶ್ ಅರ್ಧ ಬಾಟಲಿ ಹಿಡಿದು, ತಣ್ಣಗಾದ ಮೇಲೆ ಹತ್ತು ಸಲ ಕುಲುಕಿ, ಗಡಿಯಾರ ನೋಡಿ. ಮೊದಲು ಏಳುವ ದೊಡ್ಡ ಗುಳ್ಳೆ ಗ್ಯಾಸಿನದು, ಅದು ಬೇಗ ಒಡೆಯುತ್ತದೆ. ಅದರ ಕೆಳಗೆ ಸಣ್ಣ, ಕೆನೆಯಂಥ ನೊರೆ ಉಳಿಯಿತಾ? ಸತ್ತ ಯೀಸ್ಟು, ಸ್ಲಡ್ಜ್ ಬಂದಾಗ ಅದು ನಿಂತೇ ಇರುತ್ತದೆ. ಕಾಲಮ್ ಒಳಗಿನ ಬಿಸಿ ಬೇರೆ, ಒತ್ತಡ ಬೇರೆ, ಹಾಗಾಗಿ ಒಂದೇ ಬಾಟಲಿ ನೋಡಿ ಏನೂ ಹೇಳಬೇಡಿ. ಹಗಲಿನದು, ರಾತ್ರಿಯದು ಅಕ್ಕಪಕ್ಕ ಇಟ್ಟರೆ ಮಾತ್ರ ಉಪಯೋಗ.

ಇನ್ನೊಂದು, ರಾತ್ರಿ ಅಂದಿರಲ್ಲ, ಕೂಲಿಂಗ್ ಟವರ್ ನೀರು ತಣ್ಣಗಾಗುತ್ತದೆ. ಕಂಡೆನ್ಸರ್ ಜಾಸ್ತಿ ಎಳೆಯುತ್ತದೆ, ವ್ಯಾಕ್ಯೂಮ್ ಇನ್ನೂ ಆಳಕ್ಕೆ ಹೋಗುತ್ತದೆ. ಅಷ್ಟೇ ಕಿಲೋ ಹಬೆ ಈಗ ಹೆಚ್ಚು ಜಾಗ ಕೇಳುತ್ತದೆ, ವೇಗ ಏರುತ್ತದೆ. ಸ್ಟೀಮ್ ಮುಟ್ಟದೇ ಇದ್ದರೂ ಕಾಲಮ್ ಫ್ಲಡ್ ಹತ್ತಿರ ಹೋಗಿರುತ್ತದೆ. ಟಾಪ್ ಪ್ರೆಶರ್ ಟ್ರೆಂಡ್ ತೆಗೆದು ನೋಡಿ.

ಸ್ಟೀಮ್ ಒಂದನ್ನೇ ಇಳಿಸಬೇಡಿ. ಆಲ್ಕೋಹಾಲ್ ಸ್ಪೆಂಟ್‌ವಾಶ್ (ತಳದಿಂದ ಹೋಗುವ ತ್ಯಾಜ್ಯ ದ್ರವ) ಜೊತೆ ಹೊರಗೆ ಹೋಗುತ್ತದೆ. ಫೀಡ್ ಕೂಡ ಇಳಿಸಿ, ಟ್ರೇಗಳು ಖಾಲಿಯಾಗಲು ಬಿಡಿ, ಆಮೇಲೆ ನಿಧಾನವಾಗಿ ಏರಿಸಿ. ಆತುರಪಟ್ಟರೆ ನೀವು ಹೇಳಿದ ‘ಒಂದು ತಾಸಿಗೆ ಮತ್ತೆ ಅದೇ’ ಆಗುತ್ತದೆ.

ಇನ್‌ಸ್ಟ್ರುಮೆಂಟ್ ಕಡೆಯವರು:
ಡಿಪಿ ಟ್ಯಾಪಿಂಗ್ ಕಟ್ಟಿಕೊಂಡಿಲ್ಲ ತಾನೆ? ಮೀಟರ್‌ಗೆ ಒತ್ತಡ ಒಯ್ಯುವ ಇಂಪಲ್ಸ್ ಲೈನ್‌ನಲ್ಲಿ ನೀರು ನಿಂತರೂ ಅಂಕಿ ಸುಳ್ಳು ಹೇಳುತ್ತದೆ. ಆದರೆ ಸ್ಯಾಂಪಲ್‌ಗೆ ಬಣ್ಣ ಬಂದಿದೆ ಅಂದಮೇಲೆ ನಿಮ್ಮದು ನಿಜವೇ ಇರಬೇಕು.

ಮೇಂಟೆನನ್ಸ್‌ನವರು:
ನಮ್ಮಲ್ಲಿ ಎರಡು ಸೀಸನ್ ಇದನ್ನೇ ನೊರೆ ಅಂದುಕೊಂಡು ಆ್ಯಂಟಿಫೋಮ್ ಸುರಿದೆವು. ಲೋಡ್ ಮಾತ್ರ ತಿಂಗಳಿಂದ ತಿಂಗಳಿಗೆ ಕಡಿಮೆಯಾಗುತ್ತಲೇ ಹೋಯಿತು. ಶಟ್‌ಡೌನ್‌ನಲ್ಲಿ ಮ್ಯಾನ್‌ಹೋಲ್ ತೆಗೆದು ಒಳಗೆ ಹೋದವನು ನಾನೇ. ಡೌನ್‌ಕಮರ್ ತಳದಲ್ಲಿ ನಾಲ್ಕು ಬೆರಳು ಹೋಗಬೇಕಾದ ಸಂದಿಯಲ್ಲಿ ಒಂದೇ ಬೆರಳು ಹೋಯಿತು. ಒಡೆದ ಹಂಚಿನ ಚೂರಿನಂಥ ಸ್ಕೇಲ್, ಕ್ಯಾಲ್ಸಿಯಂ ಸಲ್ಫೇಟ್. ಬಿಸಿ ಏರಿದಷ್ಟೂ ಅದು ಕರಗುವುದು ಕಡಿಮೆ, ಹಾಗಾಗಿ ಬಿಸಿ ಜಾಸ್ತಿ ಇರುವ ಕೆಳಗಿನ ಟ್ರೇಗಳಲ್ಲೇ ದಪ್ಪ ಕೂತಿತ್ತು. ವಾರದಲ್ಲಿ ಮೂರ್ನಾಲ್ಕು ದಿನ ಬಂದು ಹೋಗುವ ತೊಂದರೆ ಇದಲ್ಲ ಅನಿಸುತ್ತದೆ. ಸ್ಕೇಲ್‌ಗೆ ರಜೆ ಇರಲ್ಲ.

ಗಲ್ಫ್‌ನಲ್ಲಿ ಗ್ಯಾಸ್ ಶುದ್ಧ ಮಾಡುವ ಅಮೈನ್ ಯೂನಿಟ್ ನೋಡಿಕೊಳ್ಳುವವರು:
ನಮ್ಮದು ಬೇರೆ ಲೈನ್, ಆದರೂ ನೊರೆ ಹಳೇ ಪರಿಚಯ. ನೊರೆ ಬರುವ ದ್ರವಕ್ಕೆ ಡೌನ್‌ಕಮರ್‌ನಲ್ಲಿ ಹೆಚ್ಚು ಹೊತ್ತು ಬೇಕು, ಗುಳ್ಳೆ ಒಡೆದು ಹಬೆ ಮೇಲೆ ಹೋಗಬೇಕಲ್ಲ. ನೊರೆ ಬರದ ದ್ರವಕ್ಕೆ 3 ಸೆಕೆಂಡ್ ಸಾಕು, ಜಾಸ್ತಿ ನೊರೆಯದಕ್ಕೆ 7ರಷ್ಟು ಇಟ್ಟು ಡಿಸೈನ್ ಮಾಡುತ್ತಾರೆ. ಅದಕ್ಕೇ ಫೀಡ್ ಇಳಿಸಿದರೆ ತಕ್ಷಣ ಉಸಿರಾಡುತ್ತದೆ.

ಆ್ಯಂಟಿಫೋಮ್ ಬಗ್ಗೆ ಎಚ್ಚರ. ಬೇಳೆ ಉಕ್ಕದಿರಲಿ ಅಂತ ಅಮ್ಮ ಒಂದು ಚಮಚ ಎಣ್ಣೆ ಬಿಡುತ್ತಿದ್ದಳು, ಅರ್ಧ ಲೀಟರ್ ಅಲ್ಲ. ಅತಿಯಾದರೆ ಅದೇ ನೊರೆ ಎಬ್ಬಿಸಿದ್ದನ್ನು ನೋಡಿದ್ದೇನೆ. ಸ್ವಲ್ಪ ಹಾಕಿ. ಡಿಪಿ ಕೆಲವೇ ನಿಮಿಷದಲ್ಲಿ ದಬಕ್ಕನೆ ಬಿದ್ದರೆ ನೊರೆಯೇ. ಅಲ್ಲಾಡದಿದ್ದರೆ ಡಬ್ಬ ಮುಚ್ಚಿಡಿ.

ಕೇಳಿದವರು, ಹತ್ತು ದಿನದ ನಂತರ:
ಎಲ್ಲರಿಗೂ ಥ್ಯಾಂಕ್ಸ್. ರಾತ್ರಿ ವ್ಯಾಕ್ಯೂಮ್ ಜಾಸ್ತಿ ಆಗುತ್ತಿದ್ದದ್ದು ನಿಜ. ಟಾಪ್ ಪ್ರೆಶರ್ ಹಗಲಿನ ಮಟ್ಟಕ್ಕೇ ಹಿಡಿದೆವು, ಎರಡು ರಾತ್ರಿ ಸುಮ್ಮನಿತ್ತು. ಮೂರನೇ ರಾತ್ರಿ ಮತ್ತೆ ಉಕ್ಕಿತು. ಬರೆದಿಟ್ಟದ್ದು ಕೆಲಸಕ್ಕೆ ಬಂತು: ಮೂರನೇ ಫರ್ಮೆಂಟರ್‌ಗೆ ಬದಲಿಸಿ ಇಪ್ಪತ್ತು ನಿಮಿಷಕ್ಕೆ ಏರಿದೆ. ಆ ವಾಶ್ ಬಾಟಲಿಯಲ್ಲಿ ನೊರೆ ನಾಲ್ಕು ನಿಮಿಷ ನಿಂತಿತು, ಹಗಲಿನದು ಅರ್ಧ ನಿಮಿಷ. ವಿಚಾರಿಸಿದರೆ, ರಾತ್ರಿ ಟ್ಯಾಂಕ್ ಬೇಗ ಖಾಲಿ ಮಾಡಬೇಕು ಅಂತ ಸೆಟ್ಲಿಂಗ್‌ಗೆ ಬಿಡದೆ ತಳದ ಸ್ಲಡ್ಜ್ ಸಮೇತ ಎಳೆಯುತ್ತಿದ್ದರಂತೆ. ಈಗ ತಳದ ಭಾಗ ಬಿಟ್ಟು ಎಳೆಯುತ್ತಿದ್ದೇವೆ, ಐದು ರಾತ್ರಿ ಆಯಿತು. ಸ್ಯಾಂಪಲ್ ನೀರಿನ ಹಾಗಿದೆ. ಶಟ್‌ಡೌನ್‌ನಲ್ಲಿ ಬೆರಳು ಹಾಕಿ ನೋಡುತ್ತೇನೆ.