ಕೊಣಾಜೆ ಹಳೆಯ ಗೆಳೆಯರ ಗುಂಪಿನಲ್ಲಿ ಒಂದು ರಾತ್ರಿ

(ವಾಸುದೇವ ಹಂಚಿಕೊಂಡ ಸುದ್ದಿ: 2023ರಲ್ಲಿ ಹಿಂದಾವಿ ಎಂಬ ಪ್ರಕಾಶನದ ನಿಯತಕಾಲಿಕಗಳು ತಾವೇ ಪ್ರಕಟಿಸಿದ್ದ 8,000ಕ್ಕೂ ಹೆಚ್ಚು ಸಂಶೋಧನಾ ಲೇಖನಗಳನ್ನು ನಂಬಲರ್ಹವಲ್ಲವೆಂದು ಹಿಂಪಡೆದ ಪ್ರಕರಣ)

ವಾಸುದೇವ: ಎಲ್ಲರೂ ಓದಿ. ಬೇಲಿಯೇ ಎದ್ದು ಹೊಲ ಮೇಯ್ದದ್ದು ಎಂದರೆ ಇದು. ವಿಶೇಷ ಸಂಚಿಕೆಗೆಂದು ಬಂದ ಅತಿಥಿ ಸಂಪಾದಕರು ತಮ್ಮವರನ್ನೇ ಲೇಖನ ಪರಿಶೀಲಿಸುವ ವಿಮರ್ಶಕರನ್ನಾಗಿ ಕೂರಿಸಿಕೊಂಡರು. ಕಸವೆಲ್ಲ ಅಚ್ಚಾಯಿತು.

ಸುಜಾತಾ: ಬೇಲಿಗೆ ಬಾಗಿಲು ಇಟ್ಟವರು ಯಾರು ಮಾರಾಯ? 2021ರಲ್ಲಿ ವೈಲಿ ಪ್ರಕಾಶನ ಸಂಸ್ಥೆ ಹಿಂದಾವಿಯನ್ನು 29.8 ಕೋಟಿ ಡಾಲರಿಗೆ ಕೊಂಡಿತು. ಲೇಖನ ಒಂದಕ್ಕೆ ಇಷ್ಟು ಎಂದು ಲೇಖಕರಿಂದಲೇ ಶುಲ್ಕ. ವಿಶೇಷ ಸಂಚಿಕೆ ಹೆಚ್ಚಿದಷ್ಟೂ ಗಳಿಕೆ. ಸಿಕ್ಕಿಬಿದ್ದಾಗ ಮಾತ್ರ ತಪ್ಪು ಸಂಪಾದಕರದ್ದು!

ಇಬ್ರಾಹಿಂ: ಸುಜಾತಕ್ಕ, ಸಂಪಾದಕರೆಲ್ಲ ಸಾಧುಗಳಲ್ಲ. ತಮ್ಮ ಐದು ಲೇಖನಗಳನ್ನು ಉಲ್ಲೇಖಿಸಿದರೆ ಮಾತ್ರ ನನ್ನದನ್ನು ಸ್ವೀಕರಿಸುವುದಾಗಿ ಒಬ್ಬರು ಬರೆದಿದ್ದರು. ನನ್ನ ವಿಷಯಕ್ಕೂ ಅವಕ್ಕೂ ಸಂಬಂಧವೇ ಇರಲಿಲ್ಲ. ಅಂಥವರನ್ನು ಪ್ರಕಾಶಕರು ತೆಗೆಯದೆ ಇನ್ಯಾರು ತೆಗೆಯಬೇಕು?

ಸುಜಾತಾ: ತೆಗೆಯಲಿ. ಆದರೆ ಆರೋಪವನ್ನು ಬರೆದು ಕೊಡಲಿ, ಉತ್ತರಿಸಲು ಸಮಯ ಕೊಡಲಿ, ಎರಡೂ ಕಡೆಗೆ ಸೇರದವರು ವಿಚಾರಿಸಲಿ. ಹಣ ಎಣಿಸುವವರೇ ತೀರ್ಪು ಕೊಡುವುದು ನ್ಯಾಯವಲ್ಲ. ಮಿದುಳಿನ ಚಿತ್ರಣದ ನಿಯತಕಾಲಿಕ ನ್ಯೂರೋಇಮೇಜ್ ನೆನಪಿದೆಯೇ? 3,450 ಡಾಲರ್ ಶುಲ್ಕ ಅತಿಯಾಯಿತು, ಇಳಿಸಿ ಎಂದು ಸಂಪಾದಕರು ಕೇಳಿದರು. ಅದರ ಪ್ರಕಾಶಕರಾದ ಎಲ್ಸೆವಿಯರ್ ಒಪ್ಪಲಿಲ್ಲ. 2023ರಲ್ಲಿ ನಲವತ್ತಕ್ಕೂ ಹೆಚ್ಚು ಸಂಪಾದಕರು ಒಟ್ಟಿಗೆ ರಾಜೀನಾಮೆ ಕೊಟ್ಟು ಬೇರೆಯದೇ ನಿಯತಕಾಲಿಕ ಕಟ್ಟಿದರು. ಬೆನ್ನುಮೂಳೆ ಇದ್ದವರು ಅವರು.

ವಾಸುದೇವ: ಅದು ಶುಲ್ಕದ ಜಗಳ. ನಾನು ಹೇಳುತ್ತಿರುವುದು ಮೋಸದ ಮಾತು. 8,000 ಲೇಖನಗಳನ್ನು ಒಂದೊಂದಾಗಿ ವಿಚಾರಿಸುತ್ತಾ ಕೂರಲು ಸಾಧ್ಯವೇ?

ಸುಜಾತಾ: ಶುಲ್ಕವನ್ನು ಒಂದೊಂದಾಗಿಯೇ ಎಣಿಸಿಕೊಂಡಿರಲಿಲ್ಲವೇ?
ನನ್ನ ವಿದ್ಯಾರ್ಥಿನಿಯ ವಿಷಯ ಹೇಳುತ್ತೇನೆ. ಬೇರೆ ಪ್ರಕಾಶಕರು, ಹೆಸರು ಬೇಡ. ಅವಳ ಅಪ್ಪ ಮಲ್ಪೆಯಲ್ಲಿ ಬೋಟಿಗೆ ಹೋಗುವವರು. ಜೂನ್‌, ಜುಲೈ ಮೀನುಗಾರಿಕೆ ನಿಷೇಧದ ಹೊತ್ತಿನಲ್ಲಿ ಸಾಲ ಮಾಡಿ ಶುಲ್ಕ ತುಂಬಿದರು. ಮರುವರ್ಷ ಸಂಪಾದಕರ ಮೇಲೆ ಆರೋಪ ಬಂತು, ಸಂಚಿಕೆಗೆ ಸಂಚಿಕೆಯನ್ನೇ ಹಿಂಪಡೆದರು. ಅವಳ ದತ್ತಾಂಶವನ್ನು ಯಾರೂ ಕೇಳಲಿಲ್ಲ. ಅವಳ ಲೇಖನಕ್ಕೆ ಅಂಟಿಸಿದ ‘ಹಿಂಪಡೆಯಲಾಗಿದೆ’ ಎಂಬ ಸೂಚನೆಯೇ ಪಕ್ಕದ ಲೇಖನಕ್ಕೂ ಇದೆ, ಅಕ್ಷರ ಬದಲಾಗಿಲ್ಲ, ಶೀರ್ಷಿಕೆ ಮಾತ್ರ ಬೇರೆ. ಶುಲ್ಕ ಹಿಂದಿರುಗಲಿಲ್ಲ. ಸಂದರ್ಶನಕ್ಕೆ ಹೋದಲ್ಲೆಲ್ಲ ಆ ಹುಡುಗಿ ಇದಕ್ಕೆ ಉತ್ತರ ಕೊಡಬೇಕಾಗಿದೆ.

ಇಬ್ರಾಹಿಂ: ಇದು ಅನ್ಯಾಯ ಅಕ್ಕ. ಆ ಸಂಪಾದಕರು ಏನೆಂದರು?

ಸುಜಾತಾ: ತಮಗೂ ಸೂಚನೆ ಪ್ರಕಟವಾದ ಮೇಲೆಯೇ ಗೊತ್ತಾಯಿತು ಎಂದು ಬರೆದರು. ನಿಜವೋ ಸುಳ್ಳೋ, ವಿಚಾರಣೆಯ ವರದಿ ಹೊರಬರದೆ ನಾನು ಹೇಗೆ ತಿಳಿಯಲಿ?

ವಾಸುದೇವ: ಅವಳ ಮೂಲ ದತ್ತಾಂಶ ನಿನ್ನ ಬಳಿ ಇದೆಯೇ? ಕಳುಹಿಸು. ನಾನು ಲೆಕ್ಕ ಹಾಕಿ ನೋಡುತ್ತೇನೆ. ಸರಿ ಇದ್ದರೆ ಪ್ರಕಾಶಕರಿಗೆ ಬರೆಯುವ ಪತ್ರಕ್ಕೆ ನನ್ನ ಸಹಿಯೂ ಇರಲಿ.

ಸುಜಾತಾ: ಕಳುಹಿಸಿದ್ದೇನೆ. ಮೂರನೆಯ ಕೋಷ್ಟಕದಿಂದ ಶುರು ಮಾಡು.